ಹೊರೆ ಹೊರುವ ಬೊಂಬೆ

ಅಕ್ಕನ ಮಗಳು ಚಿನಕುರುಳಿಗೆ, ಬೊಂಬೆಯಾಟದಲ್ಲಿ ಸರಿಸಾಟಿಯಿಲ್ಲದ ನಿನ್ನ ಮಾವನ ಆಶೀರ್ವಾದ.

ಅಕ್ಷರ ನೋಡಿ ನಗಬೇಡ, ಎಡಗೈಯಲ್ಲಿ ಬರೆದದ್ದು. ಇಷ್ಟು ಚೆಂದ ನಮ್ಮ ಮೇಷ್ಟ್ರ ಬಲಗೈಗೂ ಬರುತ್ತಿರಲಿಲ್ಲ. ನನ್ನ ಬಲಗೈ ಮೊನ್ನೆಯಿಂದ ಸ್ವಲ್ಪ ಮುನಿಸಿಕೊಂಡಿದೆ, ಅಷ್ಟೇ. ನಿಮ್ಮಮ್ಮ "ಜಂಬದ ಕೋಳಿ, ಮೊದಲು ಡಾಕ್ಟರ ಹತ್ರ ಹೋಗೋ!" ಅಂತ ಪ್ರಾಣ ತಿನ್ನುತ್ತಿದ್ದಾಳೆ. ಆಟ ಮುಗಿಯಲಿ, ಹೋಗುತ್ತೇನೆ.

ನಾಳೆ ಸಂಜೆ ಸುಗ್ಗಿಯ ಬೊಂಬೆಯಾಟ. ಕೊನೆಯಲ್ಲಿ ಕೊಯ್ಲಿನ ಹೆಂಗಸು ಬಗ್ಗಿ, ತೆನೆಯ ಹೊರೆ ಎತ್ತಿ ತಲೆಯ ಮೇಲಿಟ್ಟುಕೊಳ್ಳಬೇಕು. ಹೊರೆ ಬಿದ್ದರೆ ಆಟ ಕೆಟ್ಟಂತೆಯೇ. ನನ್ನ ಕೈಯಲ್ಲಿ ಎಂದೂ ಬಿದ್ದಿರಲಿಲ್ಲ. ನಿನ್ನೆ ತಾಲೀಮಿನಲ್ಲಿ ಬಿತ್ತು. "ಪಾಪ, ಬೊಂಬೆ ಉಂಡಿಲ್ಲ ಕಣ್ರೋ" ಎಂದೆ. ಮೇಳದವರು ಯಾರೂ ನಗಲಿಲ್ಲ.

ಆ ಎತ್ತುವ ವರಸೆ ನನ್ನನ್ನು ಬಿಟ್ಟರೆ ಗೊತ್ತಿರುವುದು ನಿನಗೊಬ್ಬಳಿಗೇ. ನೀನು ಕೆಲಸಕ್ಕಿರುವ ಹೊಲಿಗೆ ಅಂಗಡಿಯ ಯಜಮಾನರಿಗೆ ಏನಾದರೂ ಸುಳ್ಳು ಹೇಳಿ, ಈ ಕಾಗದ ತಂದ ಡ್ರೈವರ್‌ನ ಬಸ್ಸನ್ನೇ ನಾಳೆ ಬೆಳಿಗ್ಗೆ ಹತ್ತಿ ಬಾ. ಸುಳ್ಳು ಹೊಳೆಯದಿದ್ದರೆ ಮಾವ ಸತ್ತ ಅನ್ನು, ನನಗೇನೂ ಬೇಜಾರಿಲ್ಲ.

ನೀನು ಬರದಿದ್ದರೆ ನಾನೇ ಆಡಿಸುತ್ತೇನೆ ಎಂದು ಬರೆಯೋಣವೆಂದಿದ್ದೆ. ಆದರೆ ಇವತ್ತು ಬೊಂಬೆಯ ದಾರಗಳನ್ನೆಲ್ಲ ಬಿಚ್ಚಿಸಿ ನಿನ್ನ ಗೇಣಿನ ಅಳತೆಗೆ ಕಟ್ಟಿಸಿಬಿಟ್ಟೆ. ಇನ್ನು ಅವಳು ನನ್ನ ಕೈಗೆ ಆಡುವುದಿಲ್ಲ.

ಬಸ್ಸಿನ ದಾರಿ ನೋಡುತ್ತಿರುವ,
ನಿನ್ನ ಮಾವ