ಆಕೆಯ ಮುಖಕ್ಕೆ ನನ್ನ ಕಂಠ

ಭಾನುವಾರ, ಜೂನ್ ೧೪
ಊಟವಾದ ಮೇಲೆ, ಅಡುಗೆಮನೆಯ ಮೇಜಿನಿಂದ

ನನ್ನ ಮುದ್ದು ಗುಬ್ಬಿ,

ಹೇಗಿದ್ದೀಯೇ? ನಿನಗೆ ನೆಗಡಿ ಅಂತ ಅಪ್ಪ ಹೇಳಿದರು. ಬಿಸಿನೀರು ಕುಡಿ. ಒದ್ದೆ ತಲೆಯಲ್ಲಿ ಫ್ಯಾನಿನ ಕೆಳಗೆ ಕೂರಬೇಡ. ಇಷ್ಟು ಹೇಳಿದರೆ ಅಮ್ಮನ ಕೆಲಸ ಮುಗಿಯಿತು, ಇನ್ನು ನನ್ನ ಸುದ್ದಿ ಕೇಳು.

ನನಗೆ ಸಿನಿಮಾದಲ್ಲಿ ಕೆಲಸ ಸಿಕ್ಕಿತು ಕಣೇ! ನಗಬೇಡ. ಮುಖ ತೋರಿಸುವ ಕೆಲಸವಲ್ಲ, ಕಂಠ ಕೊಡುವ ಕೆಲಸ. ತೆರೆಯ ಮೇಲೆ ಬೇರೆಯವರು ಬಾಯಿ ಆಡಿಸುತ್ತಾರೆ, ಮಾತು ನನ್ನದು. ಇದನ್ನು ಕೇಳಿದ್ದೇ ತಡ ನಿಮ್ಮಪ್ಪ, ಈ ಮನೆಯಲ್ಲಿ ಮದುವೆಯಾದಾಗಿನಿಂದ ಅದೇ ತಾನೇ ನಡೆದಿರುವುದು, ಬಾಯಿ ನನ್ನದು ಮಾತು ನಿನ್ನದು ಅಂದರು.

ಬಸ್ ನಿಲ್ದಾಣದಲ್ಲಿ ನನ್ನ ಮೈಕು ಕಿತ್ತು ಮೆಷಿನ್ ಕೂರಿಸಿದ್ದು ನಿನಗೆ ಗೊತ್ತಲ್ಲ. ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತದೆ ಅಂತ ಈಗ ಅದೇ ಹೇಳುತ್ತದೆ. ತಡವಾದರೂ ಬೇಸರವಿಲ್ಲ, ಜನ ಓಡಿ ಬಿದ್ದರೂ ಗಾಬರಿಯಿಲ್ಲ. ನನ್ನನ್ನು ಪ್ರಯಾಣಿಕರು ಮರೆತು ಹೋದ ಸಾಮಾನು ಇಡುವ ಕೋಣೆಗೆ ಹಾಕಿದರು. ದಿನವಿಡೀ ಕೊಡೆಗಳ ಜೊತೆ ಕೂತು ನನ್ನ ಬಾಯಿಗೆ ಬೀಗ ಬಿದ್ದ ಹಾಗಾಯಿತು. ಆಗಲೇ ಟಿಕೆಟ್ ಕೌಂಟರಿನ ಗೆಳತಿ, ನಿನ್ನ ಗಂಟಲನ್ನು ಸಿನಿಮಾದವರು ಹುಡುಕುತ್ತಿರಬಹುದು, ನೀನೇ ಹೋಗಿ ಸಿಗಬಾರದೇ ಅಂತ ತಲೆಯಲ್ಲಿ ಹುಳ ಬಿಟ್ಟಳು.

ಸಿನಿಮಾದವರು ಅಂದರೆ ಯಾರು, ಎಲ್ಲಿರುತ್ತಾರೆ, ನನಗೇನು ಗೊತ್ತು? ಚಿತ್ರ ಮುಗಿದು ಎಲ್ಲರೂ ಎದ್ದು ಹೋಗುವಾಗ ಸರಸರ ಮೇಲೆ ಹತ್ತುತ್ತವಲ್ಲ ಹೆಸರುಗಳು, ಅವನ್ನು ಓದಿಕೊಂಡೆ. ಕಸ ಗುಡಿಸುವವರು ಬಂದು, ಏಳಿ ಅಮ್ಮಾ, ಮುಗೀತು ಅನ್ನುವವರೆಗೂ ಕೂರುತ್ತಿದ್ದೆ. ಆಮೇಲೆ ಸ್ಟುಡಿಯೋಗಳ ನಂಬರ್ ಹುಡುಕಿ ಒಂದೊಂದಕ್ಕೇ ಫೋನ್ ಮಾಡತೊಡಗಿದೆ. ಎಷ್ಟೋ ಜನಕ್ಕೆ ಅನೌನ್ಸ್ ಮಾಡಿದವಳು, ಗುರುತಿಲ್ಲದ ಒಬ್ಬರಿಗೆ ಹಲೋ ಅನ್ನುವ ಮೊದಲು ನಂಬರ್ ಒತ್ತಿ ಒತ್ತಿ ಅಳಿಸುತ್ತಿದ್ದೆ. ಒಬ್ಬರು ನನ್ನ ವಯಸ್ಸು ಕೇಳಿ, ಫೋನ್ ಮಕ್ಕಳಿಗೆ ಕೊಡಿ ಅಂದರು. ಇನ್ನೊಬ್ಬರು ನಾನು ನೀರಿನ ಟ್ಯಾಂಕರಿನವಳು ಅಂದುಕೊಂಡು, ಯಾಕಿಷ್ಟು ತಡ ಅಂತ ಗದರಿದರು. ಮತ್ತೊಬ್ಬ ಮಹಾಶಯ, ಫೋಟೋ ಕಳಿಸಿ, ಹೋಟೆಲ್ ರೂಮಿಗೆ ಒಬ್ಬರೇ ಬನ್ನಿ ಅಂದ. ನೀನು ಹೆದರಿದ್ದು ಇಂಥವರಿಗೇ ಅಂತ ಗೊತ್ತು. ಕಂಠಕ್ಕೆ ಫೋಟೋ ಯಾಕಪ್ಪಾ, ಬೇಕಾದರೆ ನಮ್ಮ ಯಜಮಾನರನ್ನೂ ಡಿಪೋದ ಡ್ರೈವರುಗಳನ್ನೂ ಕರೆದುಕೊಂಡು ಬರುತ್ತೇನೆ ಅಂದೆ. ಪಟ್ಟಂತ ಫೋನ್ ಇಟ್ಟುಬಿಟ್ಟ.

ಕೊನೆಗೆ ಒಬ್ಬ ಹೆಣ್ಣುಮಗಳು ಸಿಕ್ಕಳು, ಧ್ವನಿ ಎಂಜಿನಿಯರ್. ಏನಾದರೂ ಮಾತಾಡಿ ಅಂದಳು. ಆ ಗಾಬರಿಗೆ ಏನೂ ಹೊಳೆಯದೆ, ಪ್ರಯಾಣಿಕರ ಗಮನಕ್ಕೆ, ಜೊತೆ ತಪ್ಪಿದ ಪುಟ್ಟ ಮಗುವೊಂದು ವಿಚಾರಣೆ ಕಿಟಕಿಯ ಬಳಿ ಇದೆ, ಹೆತ್ತವರು ಕೂಡಲೇ ಬನ್ನಿ ಅಂತ ಹೇಳಿಬಿಟ್ಟೆ. ಅವಳು, ನಾಳೆ ಬರಲು ಆಗುತ್ತದಾ ಆಂಟಿ ಅಂದಳು.

ವಿಷಯ ಇಷ್ಟು. ಹಿರಿಯ ನಟಿಯೊಬ್ಬರು, ಸ್ಟುಡಿಯೋದಲ್ಲಿ ಎಲ್ಲರೂ ಅವರನ್ನು ದೊಡ್ಡಮ್ಮ ಅನ್ನುತ್ತಾರೆ, ಒಂದು ಚಿತ್ರದಲ್ಲಿ ಮುದುಕಿಯ ಪಾತ್ರ ಮಾಡಿದ್ದರು. ಶೂಟಿಂಗ್ ಮುಗಿದಿತ್ತು. ಮಾತು ತುಂಬುವ ಮೊದಲೇ ಗಂಟಲಿಗೆ ಆಪರೇಷನ್ ಆಗಿ ಅವರ ಕಂಠವೇ ಹೋಯಿತು. ತಮ್ಮ ಮುಖಕ್ಕೆ ದನಿ ಕೂರಿಸಲು ಬೇರೆಯವರು ಬಂದಾಗಲೆಲ್ಲ ಅವರು ಮೂಲೆಯ ಕುರ್ಚಿಯಲ್ಲಿ ಕೂತು ಕೇಳಿ, ಬೇಡವೆಂದು ತಲೆಯಾಡಿಸುತ್ತಿದ್ದರಂತೆ. ಬಂದವರೆಲ್ಲ ಹಾಗೆಯೇ ವಾಪಸ್.

ಆ ಕೋಣೆ ನೋಡಬೇಕಿತ್ತು ನೀನು. ಗೋಡೆಗೆಲ್ಲ ದಪ್ಪ ಬಟ್ಟೆಯ ಹೊದಿಕೆ, ಒಂದು ಕಡೆ ಗಾಜು, ಗಾಜಿನಾಚೆ ಎಂಜಿನಿಯರ್ ಮತ್ತು ನಿರ್ದೇಶಕ. ಹೊಟ್ಟೆ ಗುರ್ ಅಂದರೂ ಮೈಕಿಗೆ ಗೊತ್ತಾಗುತ್ತದೆ. ದೃಶ್ಯ ಏನೆಂದರೆ, ಮಗಳು ಸಿಟ್ಟು ಮಾಡಿಕೊಂಡು ಹೊರಟಿದ್ದಾಳೆ, ಮುದುಕಿ ಬಾಗಿಲಲ್ಲಿ ನಿಂತು ಕರೆಯುತ್ತಾಳೆ. ನಾನು ಯಾರ ಮುಖಕ್ಕೆ ದನಿ ಅಂತ ಫೋನಿನಲ್ಲೇ ಕೇಳಿಕೊಂಡು, ರಾತ್ರಿಯಿಡೀ ದೊಡ್ಡಮ್ಮನ ಹಳೆಯ ಚಿತ್ರಗಳನ್ನು ನೋಡಿ, ಅವರ ದನಿಯನ್ನೇ ಅಚ್ಚು ಹೊಡೆದ ಹಾಗೆ ಕಲಿತು ಹೋಗಿದ್ದೆ. ನಿಮ್ಮಪ್ಪ ಭೇಷ್ ಅಂದಿದ್ದರು. ಎರಡು ಸಾಲು ಹೇಳಿದೆ ನೋಡು, ದೊಡ್ಡಮ್ಮ ಎದ್ದು ಹೊರಗೆ ಹೋಗಿಬಿಟ್ಟರು. ನಿರ್ದೇಶಕ ತಲೆಯ ಮೇಲೆ ಕೈ ಹೊತ್ತು ಕೂತ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಚೀಲ ತೆಗೆದುಕೊಂಡು ಮನೆಗೆ ಬಂದುಬಿಡಬಹುದಿತ್ತು. ಮನಸ್ಸು ತಡೆಯದೆ ಹಿಂದೆಯೇ ಹೋದೆ. ಅವರು ನೀರಿನ ಫಿಲ್ಟರ್ ಹತ್ತಿರ ಗೋಡೆಗೆ ಮುಖ ಮಾಡಿ ನಿಂತಿದ್ದರು. ಭುಜ ಮಾತ್ರ ಅಲುಗುತ್ತಿತ್ತು, ಅಳುವಿಗೂ ದನಿಯಿರಲಿಲ್ಲ. ಅಮ್ಮಾ, ನಿಮ್ಮನ್ನು ಅನುಕರಿಸಬಾರದಿತ್ತು ಅಂದೆ. ಬಸ್ ನಿಲ್ದಾಣದಲ್ಲಿ ನನ್ನ ಜಾಗದಲ್ಲೂ ಒಂದು ಮೆಷಿನ್ ಕೂತು ನನ್ನ ಮಾತನ್ನೇ ಆಡುತ್ತಿದೆ, ಅದು ಕಿವಿಗೆ ಬೀಳಬಾರದು ಅಂತ ನಾನು ಹಿಂದಿನ ಗೇಟಿನಿಂದ ಹೋಗಿ ಬರುತ್ತೇನೆ ಅಂದೆ. ನೀವು ಹೋಗು ಅಂದರೆ ಹೋಗುತ್ತೇನೆ, ಆದರೆ ಆ ತೆರೆಯ ಮೇಲಿನ ಮುದುಕಿ ಪಾಪ, ಕರೆದೇ ಕರೆಯುತ್ತಿದ್ದಾಳೆ, ಮಗಳಿಗೆ ಕೇಳಿಸುತ್ತಲೇ ಇಲ್ಲವಲ್ಲ ಅಂದೆ.

ಅವರು ತಿರುಗಿ ನನ್ನನ್ನೇ ನೋಡಿದರು. ಆಮೇಲೆ ಕೈ ಹಿಡಿದು ದರದರ ಒಳಗೆ ಎಳೆದುಕೊಂಡು ಬಂದರು. ನನ್ನನ್ನು ಮೈಕಿನ ಮುಂದೆ ನಿಲ್ಲಿಸಿ, ಹಿಂದೆ ನಿಂತು, ಅಂಗೈಯನ್ನು ನನ್ನ ಬೆನ್ನಿಗೆ ಒತ್ತಿದರು. ಕೈ ಒತ್ತಿದರೆ ಉಸಿರು ಎಳೆದುಕೊಳ್ಳಬೇಕು, ಸಡಿಲಿಸಿದರೆ ಮಾತು. ನಾನು ಅವಸರ ಮಾಡಿದಲ್ಲಿ ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ಒಂದು ಕಡೆ ಎಷ್ಟು ಹೊತ್ತಾದರೂ ಕೈ ಬಿಡಲೇ ಇಲ್ಲ, ಎದೆಯಲ್ಲಿ ಉಸಿರು ತುಂಬಿ ಇನ್ನು ಆಗದು ಅನ್ನುವಾಗ ಬಿಟ್ಟರು. ಆಗ ಬಂತು ನೋಡು ಆ ಕರೆ. ನನ್ನದೇ ದನಿ, ಆದರೆ ನಾನು ಹಿಂದೆಂದೂ ಕೇಳಿರದ ದನಿ. ಅದನ್ನು ಹೇಳಲು ನಾನು ನಟನೆ ಮಾಡಬೇಕಾಗಲೇ ಇಲ್ಲ.

ಗಾಜಿನಾಚೆ ಎಂಜಿನಿಯರ್ ಹುಡುಗಿ ಮೂಗು ಒರೆಸಿಕೊಳ್ಳುತ್ತಿದ್ದಳು. ಯಾವುದಕ್ಕೂ ಇರಲಿ, ಇನ್ನೊಂದು ಸಲ ಅಂದ ನಿರ್ದೇಶಕ. ದೊಡ್ಡಮ್ಮ ಬೇಡ ಅಂತ ಕೈಯೆತ್ತಿದರು. ಆಮೇಲೆ ನನ್ನ ಕಡೆ ತಿರುಗಿ, ಎಳೆ ಮಗುವಿನ ಕೆನ್ನೆ ಮುಟ್ಟುತ್ತೇವಲ್ಲ, ಹಾಗೆ ನನ್ನ ಗಂಟಲು ಮುಟ್ಟಿದರು. ಮನೆಗೆ ಬಂದು ಇದೆಲ್ಲ ಹೇಳಿದರೆ ನಿಮ್ಮಪ್ಪ ಒಂದೂ ತಮಾಷೆ ಮಾಡಲಿಲ್ಲ. ಎದ್ದು ಹೋಗಿ ಚಹಾ ಮಾಡಿಕೊಂಡು ಬಂದರು. ಸಕ್ಕರೆ ಹಾಕುವುದು ಮರೆತಿದ್ದರು, ನಾನೂ ಹಾಗೆಯೇ ಕುಡಿದೆ.

ಮುದುಕಿಯ ಉಳಿದ ಮಾತುಗಳನ್ನು ಬರುವ ವಾರ ಹೇಳಿಸುತ್ತಾರೆ. ದೊಡ್ಡಮ್ಮ ದಿನವೂ ಬರುತ್ತಾರಂತೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಅಕ್ಷರ ಸೊಟ್ಟಗಿದ್ದರೆ ಮೇಜಿನ ಕಾಲಿನ ತಪ್ಪು, ನನ್ನದಲ್ಲ.

ಪ್ರೀತಿಯಿಂದ,
ನಿನ್ನ ಅಮ್ಮ

ತಾ.ಕ.: ನಿನಗೆ ಕೆಲಸ ಜಾಸ್ತಿ, ಮಾತಾಡಲು ಪುರುಸೊತ್ತಿಲ್ಲ ಅಂತ ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ. ಆದರೆ ಅಪ್ಪನ ಫೋನ್ ನೀನು ತಪ್ಪದೆ ಎತ್ತುತ್ತೀಯ ಅಂತ ನನಗೆ ಗೊತ್ತು ಮಗಳೇ. ಈ ವಯಸ್ಸಿನಲ್ಲಿ ಸಿನಿಮಾದವರ ಬೆನ್ನು ಹತ್ತಿ ನನ್ನ ಮರ್ಯಾದೆ ಕಳೆಯಬೇಡ ಅಂದು ಅವತ್ತು ಫೋನ್ ಇಟ್ಟೆಯಲ್ಲ, ಆಮೇಲೆ ನನ್ನ ನಂಬರ್ ಕಂಡರೆ ನೀನು ಎತ್ತುತ್ತಿಲ್ಲ. ಗುರುತು ಪರಿಚಯ ಇಲ್ಲದವರೆಲ್ಲ ಎತ್ತಿದರು ಕಣೇ. ನೀನೂ ಒಂದು ಸಲ ಎತ್ತು.