ಓಬಳಮ್ಮನ ಕೊರಳಿನ ರೋಮ್ ಕಾಸು

೧೮ ಜನವರಿ ೧೯೬೦, ಶಿಡ್ಲಘಟ್ಟ

ಮೊದಲೆರಡು ಪೀರಿಯಡ್ ಷಟ್ಪದಿ. ಮಕ್ಕಳು ಆಕಳಿಸಿದವು. ಪಕ್ಕದ ಕ್ಲಾಸಿನಲ್ಲಿ ಶ್ಯಾಮಲಾಳ ಹಿಸ್ಟರಿ — ಗೋಡೆ ದಾಟಿ ನಗು.

ನಮ್ಮಿಬ್ಬರಿಗೂ ಒಂದೇ ರೂಮು, ಒಂದೇ ಸ್ಟೋವ್. ಆದರೂ ಹೆಡ್‌ಮಿಸ್ಟ್ರೆಸ್ ಬಾಯಲ್ಲಿ ಅವಳು "ನಮ್ಮ ಶ್ಯಾಮಲಾ". ನಾನು "ಆ ಕನ್ನಡದವಳು".

ಕಸ ಗುಡಿಸುವ ಓಬಳಮ್ಮ ತಾಳಿಯ ಜೊತೆ ಹಳದಿ ಕಾಸೊಂದು ಹಾಕಿಕೊಂಡಿದ್ದಾಳೆ. ಗಂಡಸಿನ ತಲೆ, ಸುತ್ತ ಇಂಗ್ಲಿಷಿನಂಥ ಅಕ್ಷರ. ಮೊದಲು ನೋಡಿದ್ದು ನಾನು. ಇವತ್ತು ಬಾಯಿತಪ್ಪಿ ಶ್ಯಾಮಲಾಗೆ ಹೇಳಿಬಿಟ್ಟೆ...

೨೦ ಜನವರಿ

ಶ್ಯಾಮಲಾ ಕಾಸು ಬಿಚ್ಚಿಸಿಕೊಂಡು ತಂದಿದ್ದಾಳೆ. ಸ್ಟಾಫ್ ರೂಮಿನಲ್ಲಿ ಗುಂಪು. "ರೋಮ್ ದೇಶದ್ದು ಕಣ್ರೇ! ಬೆಳ್ಳಿ ಆಗಿದ್ರೆ ಡಿನೇರಿಯಸ್. ಇದು ಚಿನ್ನ — ಔರಿಯಸ್!"

ಮೂಲೆಯಲ್ಲಿ ಕಾಂಪೋಸಿಷನ್ ತಿದ್ದುತ್ತಿದ್ದೆ. ಒಂದೇ ಪುಸ್ತಕಕ್ಕೆ ಎರಡು ಸಲ ಮಾರ್ಕು ಹಾಕಿದೆ.

೨೨ ಜನವರಿ

ಅವಳ ನಾಣ್ಯದ ಪುಸ್ತಕ ತಿರುವಿದೆ. ಕೊನೆಯಲ್ಲಿ ತೂಕದ ಪಟ್ಟಿ. ಔರಿಯಸ್ ಹತ್ತಿರ ಹತ್ತಿರ ಎಂಟು ಗ್ರಾಂ. ಡಿನೇರಿಯಸ್ ನಾಲ್ಕಕ್ಕೂ ಕಡಿಮೆ. ಅಗಲ ಹೆಚ್ಚುಕಡಿಮೆ ಒಂದೇ. ಅವಳು ಬಣ್ಣ ನೋಡಿದಳು, ಅಷ್ಟೇ.

ಊಟದ ಬಿಡುವಿನಲ್ಲಿ ಅವಳ ಮೇಜಿನ ಮೇಲಿದ್ದ ಕಾಸನ್ನು ಸೈನ್ಸ್ ರೂಮಿನ ತಕ್ಕಡಿಗೆ ಹಾಕಿದೆ. ಮೂರು ಮುಕ್ಕಾಲು ಗ್ರಾಂ. ಕೊಂಡಿಯ ಹತ್ತಿರ ಸವೆದ ಕಡೆ ಬಿಳಿ.

ಓಬಳಮ್ಮನನ್ನು ಕೇಳಿದೆ.

"ನಮ್ಮತ್ತೇದು ಮೇಷ್ಟ್ರಮ್ಮಾ. ದಿಬ್ಬೂರಹಳ್ಳೀಲಿ ಹಿಪ್ಪುನೇರಳೆ ತೋಟ ಅಗೀವಾಗ ಸಿಕ್ಕಿದ್ದು. ಕೊರಳಿಗೆ ಬೆಳ್ಳಿ ಬ್ಯಾಡ ಅಂತ ಕೋನಪ್ಪಾಚಾರಿ ಹತ್ರ ಚಿನ್ನದ ನೀರು ಹಿಡಿಸಿದ್ರು."

"ಶ್ಯಾಮಲಾಗೆ ಹೇಳಲಿಲ್ಲವಾ?"

"ಆಯಮ್ಮ ಎಲ್ಲಿ ಕೇಳ್ತು? ಬರೀ ತಾನೇ ಮಾತಾಡ್ತು!"

ಸಂಜೆ ಹೇಳಬೇಕು ಅಂದುಕೊಂಡೆ. ಹೇಳಲಿಲ್ಲ.

೨೫ ಜನವರಿ

ಬೆಂಗಳೂರಿನ ಮ್ಯೂಸಿಯಂ ಆಫೀಸರಿಗೆ ಕಾಸಿನ ಬಗ್ಗೆ ಅವಳ ರಿಪೋರ್ಟು. "ನಿನ್ನ ಅಕ್ಷರ ಮುತ್ತು ಕಣೇ ರತ್ನಾ. ಫೇರ್ ಕಾಪಿ ಮಾಡ್ಕೊಡ್ತೀಯಾ? ಕೆಳಗೆ ಸಹಿಗೆ ಜಾಗ ಬಿಡು."

"ಚಿನ್ನದ ಔರಿಯಸ್" ಅಂತ ಐದು ಸಲ ಬರೆದೆ. ಆಫೀಸರು ಕಾಸನ್ನು ತೂಗಿದಾಗ ಅವಳ ಮುಖ ಹೇಗಾಗಬಹುದು — ನೆನೆದು ಖುಷಿಯಾಯಿತು. ಖುಷಿ ಅಂತಲೇ ಬರೆದಿದ್ದೇನೆ. ಹೊಡೆದುಹಾಕುವುದಿಲ್ಲ.

೩ ಫೆಬ್ರವರಿ

ಪ್ರೇಯರ್ ಆದ ಮೇಲೆ ಹೆಡ್‌ಮಿಸ್ಟ್ರೆಸ್ ಬೆಂಗಳೂರಿನ ಉತ್ತರ ಓದಿದರು. "ಕುಮಾರಿ ವೆಂಕಟರತ್ನಮ್ಮ ಮತ್ತು ಕುಮಾರಿ ಶ್ಯಾಮಲಮ್ಮ ಅವರಿಗೆ..." ನನ್ನ ಹೆಸರು ಮೊದಲು. ಮಕ್ಕಳ ಚಪ್ಪಾಳೆ. ಶನಿವಾರ ಆಫೀಸರು ಬರುತ್ತಾರೆ, ಎಲ್ಲರ ಮುಂದೆ ಕಾಸು ಪರೀಕ್ಷೆ.

"ಪೆದ್ದಿ, ಮೊದಲು ನೋಡಿದ್ದು ನೀನು ತಾನೇ?" ಶ್ಯಾಮಲಾ ತೋಳು ಚಿವುಟಿದಳು. "ಮುಂಚೇನೇ ಹೇಳಿದ್ರೆ ಬೇಡ ಬೇಡ ಅಂತಿದ್ದೆ. ಅದಕ್ಕೇ ಸಹಿ ಹಾಕೋವಾಗ ನಿನ್ನ ಹೆಸರೂ ನಾನೇ ಬರ್ದೆ."

ಒಳ್ಳೆಯವಳಾಗುವುದರಲ್ಲೂ ಅವಳೇ ಮುಂದೆ. ಅದಕ್ಕೂ ಹೊಟ್ಟೆ ಉರಿಯಿತು.

೫ ಫೆಬ್ರವರಿ, ಬೆಳಿಗ್ಗೆ

ಎರಡು ರಾತ್ರಿ ಒಂದೇ ಚಾಪೆಯ ಮೇಲೆ ಮಲಗಿದೆವು. ಹೇಳಲಾಗಲಿಲ್ಲ.

ನಾಳೆಗೆ ಸೀರೆ ಇಸ್ತ್ರಿ ಮಾಡುತ್ತಿದ್ದಾಳೆ. ಮೊದಲು ನನ್ನದು. "ಆಫೀಸರ ಮುಂದೆ ನೀನೇ ಮಾತಾಡ್ಬೇಕು, ನಾಚಿಕೊಂಡು ನಿಂತ್ರೆ ನೋಡು!"

ತಪ್ಪಾಗಿದೆ ಅಂತ ಹೇಳುವುದು ಸುಲಭ. ಗೊತ್ತಿದ್ದೂ ಬರೆದೆ ಅಂತ ಹೇಳುವುದು... ಅದನ್ನೇ ಹೇಳಬೇಕು.

ಕೂಗುತ್ತಿದ್ದಾಳೆ — "ರತ್ನಾ, ನಿನ್ನ ಸೀರೆ ಆಯ್ತು, ಬಾರೇ!"

ಹೋಗುತ್ತೇನೆ. ಮೊದಲ ಮಾತೇ ಇದು: ಶ್ಯಾಮಲಾ, ಆ ಕಾಸನ್ನು ನಾನು ತೂಗಿ ನೋಡಿದ್ದೆ.