ಸಣ್ಣ ಹುಣ್ಣು, ಅಷ್ಟೆ

೪ ಜೂನ್ ೧೯೮೪, ಸೋಮವಾರ
ಮಣಿಪಾಲ. ಬೆಳಿಗ್ಗೆ ಆರು ಕೇಸು. ಗಂಟಲಿಂದ ಹೊಟ್ಟೆಗಿಳಿಸಿ ನೋಡುವ ಸ್ಕೋಪ್ ತೊಳೆದು ತೊಳೆದು ಕೈಯೆಲ್ಲ ಔಷಧಿ ವಾಸನೆ. ಶಿರ್ವದ ಕ್ರಿಶ್ಚಿಯನ್ ಬಾಯಮ್ಮನೊಬ್ಬರು ಟ್ಯೂಬ್ ಕಂಡದ್ದೇ ಜಪಸರ ಹಿಡಿದರು. "ಎಂತ ಇಲ್ಲ, ಮೂಗಿನಲ್ಲಿ ಉಸಿರು ಎಳೆಯಿರಿ" — ದಿನಕ್ಕೆ ನೂರು ಸಲ ಹೇಳುವ ಮಾತು.

ಹೆಜಮಾಡಿಯಿಂದ ಅಪ್ಪ ಬಂದಿದ್ದಾರೆ. ಅನ್ನ ಗಂಟಲಲ್ಲಿ ನಿಲ್ಲುತ್ತದಂತೆ. ಮೂರು ತಿಂಗಳಿಂದ! ಎಪ್ರಿಲಿನಲ್ಲಿ ಬಿಸು ಹಬ್ಬಕ್ಕೆ ಊರಿಗೆ ಹೋದಾಗ ಬರೀ ಗಂಜಿ ಕೇಳಿದ್ದರು. "ಎಂತ, ಹಲ್ಲು ಹೋಯ್ತಾ?" ಎಂದು ತಮಾಷೆ ಮಾಡಿದ್ದೆ. ನರ್ಸಂತೆ ನಾನು, ಥೂ.

೬ ಜೂನ್
ಅಪ್ಪನ ತಲೆ ನಾನೇ ಹಿಡಿದೆ. ಡಾಕ್ಟರು ಸ್ಕೋಪಿನ ಕಣ್ಣು ನನ್ನ ಕಡೆ ತಿರುಗಿಸಿದರು. ನೋಡಿದೆ. ಅನ್ನನಾಳದಲ್ಲಿ ಹೂಕೋಸಿನ ಹಾಗೆ ಗಡ್ಡೆ. ಎಷ್ಟೋ ಜನರದ್ದು ನೋಡಿದ್ದೇನೆ. ದೇವರೇ, ಇದು ನನ್ನ ಅಪ್ಪನದು.

ಹೊರಗೆ ಬೆಂಚಿನಲ್ಲಿ ಕೇಳಿದರು, "ಎಂತ ಉಂಟು ಮಗಾ?"

"ಸಣ್ಣ ಹುಣ್ಣು, ಅಷ್ಟೆ."

"ಸರಿಯಾಗಿ ಹೇಳು. ದೊಡ್ಡದಾದರೆ ಈಗಲೇ ಬೊಂಬಾಯಿಗೆ ಹೋಗಿ ಅಕ್ಕನನ್ನು ನೋಡಿ ಬರುತ್ತೇನೆ."

ಅಪ್ಪನಿಗೂ ಬೊಂಬಾಯಿ ಅತ್ತೆಗೂ ಅಜ್ಜಿಯ ಉತ್ತರಕ್ರಿಯೆಯ ದಿನ ಜಗಳವಾದದ್ದು. ಹನ್ನೆರಡು ವರ್ಷ, ಅಕ್ಕ-ತಮ್ಮನಿಗೆ ಮಾತಿಲ್ಲ.

"ಮಳೆ ಬಿಟ್ಟ ಮೇಲೆ ಹೋದರಾಯಿತು" ಎಂದೆ. ಬಾಯಿಗೆ ಬಂದದ್ದು ಅದೇ.

೨೧ ಜೂನ್
ಬಯಾಪ್ಸಿ ರಿಪೋರ್ಟ್ ಬಂತು. ಕ್ಯಾನ್ಸರ್. ಆಪರೇಶನ್ ಆಗುವುದಿಲ್ಲ.

ಹೇಳಿಯೇ ಬಿಡಬೇಕೆಂದು ಮನೆಗೆ ಹೋದೆ. ಅಪ್ಪ ಪತ್ರ ಬರೆದು ಮುಗಿಸಿದ್ದರು — "ಅಕ್ಕಾ, ಸಣ್ಣ ಹುಣ್ಣಂತೆ. ಮಳೆ ಬಿಟ್ಟ ಮೇಲೆ ಬರುತ್ತೇನೆ." ಮುಖದಲ್ಲಿ ಎಂಥ ನಗು! ಅಂಚೆಗೆ ಹಾಕಲು ನನಗೇ ಕೊಟ್ಟರು. ಹಾಕಿದೆ.

೯ ಆಗಸ್ಟ್
ನೀರೂ ಇಳಿಯುತ್ತಿರಲಿಲ್ಲ. ಸ್ಕೋಪ್ ಹಾಕಿ, ದಾರಿ ಅಗಲ ಮಾಡಿ, ಪ್ಲಾಸ್ಟಿಕ್ ಕೊಳವೆ ಕೂರಿಸಿದರು. ಸಂಜೆ ಗಂಜಿತಿಳಿ ಇಳಿಯಿತು. ಅಪ್ಪನಿಗೆ ಖುಷಿಯೋ ಖುಷಿ.

"ಅಕ್ಕನ ಕೈಯ ಬಂಗುಡೆ ಸಾರು ತಿನ್ನಲಿಕ್ಕುಂಟು ಮಾರಾಯ್ತಿ. ಮಳೆ ಯಾವಾಗ ಬಿಡುತ್ತದೆ?"

ಕ್ಯಾಲೆಂಡರ್ ನೋಡಿದ ಹಾಗೆ ಮಾಡಿದೆ. ಆಮೇಲೆ ಸ್ಕೋಪ್ ತೊಳೆಯುವ ಕೋಣೆಗೆ ಹೋಗಿ ಅತ್ತುಬಿಟ್ಟೆ.

೩ ಸೆಪ್ಟೆಂಬರ್
ಬೊಂಬಾಯಿ ಅತ್ತೆಗೆ ಟೆಲಿಗ್ರಾಂ ಕೊಟ್ಟೆ. ಈಗ ಬಂತು ನನಗೆ ಬುದ್ಧಿ.

೫ ಸೆಪ್ಟೆಂಬರ್
ಅಪ್ಪ ಹೋದರು. ಬೆಳಿಗ್ಗೆ ಹತ್ತಕ್ಕೆ. ಎರಡು ದಿನದಿಂದ ಮಳೆ ಇಲ್ಲ.

೬ ಸೆಪ್ಟೆಂಬರ್
ಅತ್ತೆ ಬೊಂಬಾಯಿ ಬಸ್ಸಿನಲ್ಲಿ ಬಂದಿಳಿದರು. ಅಪ್ಪನ ಪತ್ರ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದರು. ಅಳಲಿಲ್ಲ. ನನ್ನನ್ನು ಒಳಗೆ ಕರೆದರು.

"ಸಣ್ಣ ಹುಣ್ಣು ಅಂತ ಬರೆದಿದ್ದಾನೆ ನೋಡು. ದೊಡ್ಡದು ಅಂತ ಗೊತ್ತಿದ್ದರೆ ಆಗಲೇ ಓಡಿ ಬರುತ್ತಿದ್ದೆ. ಅವನಿಗೆ ಹಾಗೆ ಹೇಳಿದ್ದು ಯಾರು ನಳಿನಾಕ್ಷಿ? ಯಾವ ಡಾಕ್ಟರು?"

ಡಾಕ್ಟರಲ್ಲ ಅತ್ತೆ, ಎಂದೆ. ಅದು ನಾನೇ.